ಒಂಟಿ ಸೀಟಿನ ಫಟಫಟಿ

ಫಟಫಟಿಯ ಹಿಂದಿನ ಸೀಟು ಬಿಚ್ಚಿಸಿದ ಮರುದಿನ ಕಂಬಳಿ ವ್ಯಾಪಾರಿ ಮಾಳಿಂಗಪ್ಪ ಭಾಳ ಖುಷಿಯಲ್ಲಿ ಮನೆಗೆ ಬಂದ. ಸರಕಾರಕ್ಕೆ ಕಟ್ಟಬೇಕಾದದ್ದನ್ನು ಉಳಿಸಿದವನಿಗೆ ಆಗುವ ಖುಷಿ ದುಡಿದು ಗಳಿಸಿದವನಿಗೂ ಆಗುವುದಿಲ್ಲ.

ನಿಜಾಮರ ಕಾಲ ಅದು. ಆಳಂದದಲ್ಲಿ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಇದ್ದದ್ದು ಅವನೊಬ್ಬನ ಹತ್ತಿರ. ರಸ್ತೆ ಮಾಡಿಸಲು ಬಂದಿದ್ದ ಇಂಜಿನಿಯರ್ ಸಾಹೇಬರೊಬ್ಬರು ಹೈದರಾಬಾದಿಗೆ ವರ್ಗವಾಗಿ ಹೋಗುವಾಗ ಅದನ್ನು ಅವನಿಗೆ ಮಾರಿದ್ದರು. ಉಣ್ಣೆ ಕೊಳ್ಳಲು ಅಫಜಲಪುರ, ಜೇವರ್ಗಿ ಕಡೆಯ ಕುರಿಹಟ್ಟಿಗಳಿಗೆಲ್ಲ ಅವನು ಅದರ ಮೇಲೇ ತಿರುಗುತ್ತಿದ್ದ. ತಿಂಗಳಿಗೊಮ್ಮೆಯಾದರೂ ಹೆಂಡತಿ ಗೌರಾಬಾಯಿಯನ್ನು ಹಿಂದೆ ಕೂರಿಸಿಕೊಂಡು ಅವಳ ತವರು ಹವಳಗಾಕ್ಕೆ ಹೋಗುತ್ತಿದ್ದ. ಮೊದಲ ಸಲ ಅವಳು ಕಣ್ಣು ಮುಚ್ಚಿದವಳು ಭೀಮಾ ನದಿಯ ಗಾಳಿ ಮುಖಕ್ಕೆ ಬಡಿದ ಮೇಲೇ ತೆರೆದದ್ದು. ಆಮೇಲಾಮೇಲೆ ರೂಢಿಯಾಗಿ, ಬಂಡಿಯವರನ್ನು ಹಿಂದೆ ಹಾಕುವಾಗ ತಿರುಗಿ ನೋಡಿ ನಗುವಷ್ಟು ಧೈರ್ಯ ಬಂದಿತ್ತು. ಫಟಫಟಿ ಸಪ್ಪಳ ಕೇಳಿದರೆ ಹವಳಗಾದ ಹೆಣ್ಣುಮಕ್ಕಳು ಕೈಯ ಹಿಟ್ಟು ಕೈಯಲ್ಲೇ ಇರುವಂತೆಯೇ ಬಾಗಿಲಿಗೆ ಬರುತ್ತಿದ್ದರು.

ಆ ವರ್ಷ ಫಟಫಟಿಯ ತೆರಿಗೆ ಕಟ್ಟಿ ಕಾಗದ ಹೊಸದು ಮಾಡಿಸಲು ಗುಲಬರ್ಗಾದ ಕಚೇರಿಗೆ ಹೋದಾಗ ಅಲ್ಲಿಯ ಗುಮಾಸ್ತ ಬಾಯಿಯ ಪಾನು ಒಂದು ದವಡೆಗೆ ಸರಿಸಿ ಹೇಳಿದ: "ಎರಡು ಸೀಟಿದ್ರ ಎರಡರ ಮಹಸೂಲು, ಸಾವ್ಕಾರ. ಒಂದೇ ಇದ್ರ ಅರ್ಧ."

ಮಾಳಿಂಗಪ್ಪ ಮತ್ತೊಂದು ಮಾತು ಕೇಳಲಿಲ್ಲ. ಗಾಡಿ ತಿರುಗಿಸಿಕೊಂಡು ನೆಟ್ಟಗೆ ಆಳಂದದ ಲೋಹಾರ ಇಸ್ಮಾಯಿಲನ ಕಬ್ಬಿಣದ ಭಟ್ಟಿಗೆ ಬಂದ.

ಇಸ್ಮಾಯಿಲ ಹಿಂದಿನ ಸೀಟಿನ ಬೋಲ್ಟು ಬಿಚ್ಚುತ್ತ ಕೇಳಿದ, "ಅಕ್ಕಾರು ಎಲ್ಲಿ ಕುಂದರ್ತಾರ್ರಿ?"

"ಆಕಿಗೇನು, ಬಂಡಿ ಐತಿ."

"ಕಾಲಿಡೋ ಕಬ್ಬಿಣಾನೂ ತೆಗೀಲೇನ್ರಿ?"

"ಎಲ್ಲಾ ತೆಗಿ. ನಾಳೆ ಕಚೇರಿ ಸಾಹೇಬ ನೋಡಿದ್ರ, ಇಲ್ಲಿ ಇನ್ನೊಬ್ಬ ಮನುಷ್ಯಾ ಕುಂತಿದ್ದ ಅನ್ನೋ ಗುರುತು ಇರಬಾರದು."

ಮರುದಿನ ಅರ್ಧ ಮಹಸೂಲು ಕಟ್ಟಿ, ರಸೀದಿ ಅಂಗಿಯ ಜೇಬಿಗಿಟ್ಟುಕೊಂಡು ಮನೆಗೆ ಬಂದ. ಗೌರಾಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ನಿಂತಲ್ಲೇ ತನ್ನ ಜಾಣತನವನ್ನೆಲ್ಲ ಹೇಳಿದ. ರೊಟ್ಟಿಯ ಸಪ್ಪಳ ಒಂದು ಗಳಿಗೆ ನಿಂತಿತು.

"ಚಲೋ ಆತು ಬಿಡ್ರಿ," ಎಂದಳು. ಮತ್ತೆ ಬಡಿಯತೊಡಗಿದಳು. ಶಾಬಾಸ್‌ಗಿರಿ ನಿರೀಕ್ಷಿಸಿದ್ದ ಮಾಳಿಂಗಪ್ಪನಿಗೆ ಅದು ಕಡಿಮೆ ಎನಿಸಿತಾದರೂ, ಹೆಣ್ಣುಮಕ್ಕಳಿಗೆ ಸರಕಾರದ ವ್ಯವಹಾರ ಏನು ತಿಳಿಯಬೇಕು ಎಂದುಕೊಂಡು ಕೈಕಾಲು ತೊಳೆಯಲು ಹೋದ.

ಮುಂದಿನ ವಾರ ಅಫಜಲಪುರದ ಕಡೆ ಉಣ್ಣೆಗೆ ಹೋದವನು ಹಾದಿಯಲ್ಲಿ ಹವಳಗಾದ ಮಾವನ ಮನೆ ಹೊಕ್ಕ. ಅತ್ತೆ ರೇವಮ್ಮ ನಗುಮುಖದಲ್ಲೇ ಹೊರಬಂದಳು. ಅಳಿಯನ ಬೆನ್ನ ಹಿಂದೆ ನೋಡಿದಳು, ಆಮೇಲೆ ಗಾಡಿಯ ಬೆನ್ನು ನೋಡಿದಳು.

"ನಮ್ಮ ಗೌರಿ?"

"ಮನ್ಯಾಗ ಅದಾಳ್ರಿ ಅತ್ತಿ."

"ಆಕಿ ಕುಂದರೋ ಜಾಗಾ ಎಲ್ಲೈತಪ್ಪಾ?"

"ತೆಗಿಸೀನ್ರಿ. ಮಹಸೂಲು ಉಳೀತು."

ರೇವಮ್ಮ ಹೂಂ ಅಂದಳು. ಅಳಿಯನಿಗೆ ಚಹಾ ಕೊಟ್ಟಳು, ತಾನು ಮಾತ್ರ ಕುಡಿಯಲಿಲ್ಲ. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಗೌರಾಬಾಯಿಯ ಮಡಿಲು ತುಂಬಿರಲಿಲ್ಲ. ಅಂಥ ಮಗಳ ತಾಯಿಗೆ ಅಳಿಯ ಕೆಮ್ಮಿದರೂ ಏನೋ ಹೇಳಿದಂತೆ ಕೇಳಿಸುತ್ತದೆ. ಇವನೋ ಇದ್ದ ಸೀಟನ್ನೇ ಕೀಳಿಸಿಕೊಂಡು ಬಂದು ಎದುರಿಗೆ ನಿಂತಿದ್ದ.

ಫಟಫಟಿ ಎಷ್ಟೇ ಜೋರಾಗಿ ಓಡಲಿ, ಸುದ್ದಿಯ ಹಿಂದೆಯೇ. ಮಾಳಿಂಗಪ್ಪ ಜೇವರ್ಗಿ ಸಂತೆ ಮುಟ್ಟುವಷ್ಟರಲ್ಲಿ ಅದು ಅಲ್ಲಿ ಬಂದು ಕುಳಿತಿತ್ತು. ಉಣ್ಣೆಯ ದಲಾಲಿ ಕಲ್ಯಾಣಪ್ಪ ಅವನ ಕೈ ಹಿಡಿದು ಬೇವಿನ ಗಿಡದ ಮರೆಗೆ ಕರೆದೊಯ್ದ.

"ಜಾಗಾ ಖಾಲಿ ಮಾಡೀರಂತ ಕೇಳಿದೆ."

"ಯಾವ ಜಾಗಾ?"

"ಮುಚ್ಚಿಡಬ್ಯಾಡ್ರಿ. ನಮ್ಮ ತಂಗಿ ಮಗಳು ಅದಾಳ. ಮನಿಗೆಲಸ ಬಲ್ಲಾಕಿ, ಬಾಯಿ ಸಣ್ಣದು. ಫಟಫಟಿ ಮ್ಯಾಲ ಕುಂದರಾಕೂ ಅಂಜಂಗಿಲ್ಲ."

ಮಾಳಿಂಗಪ್ಪನಿಗೆ ಮೊದಲು ತಿಳಿಯಲಿಲ್ಲ, ತನಗೆ ಎರಡನೆಯ ಹೆಣ್ಣು ತೋರಿಸುತ್ತಿದ್ದಾನೆಂದು ತಿಳಿದಾಗ ಅವನ ಕೈ ಕೊಡವಿಕೊಂಡ. "ಕಲ್ಯಾಣಪ್ಪ, ಅದು ಮಹಸೂಲಿನ ಸಲುವಾಗಿ ತೆಗಿಸಿದ್ದೋ!"

"ಹೌದ್ರಿ, ಹೌದ್ರಿ. ಮಹಸೂಲು." ಕಲ್ಯಾಣಪ್ಪ ಒಂದು ಕಣ್ಣು ಮುಚ್ಚಿದ. "ಯಾರ ಕೇಳಿದ್ರೂ ಹಂಗೇ ಹೇಳ್ರಿ."

ಎಂಟು ದಿನ ಕಳೆಯುವುದರೊಳಗೆ ಗೌರಾಬಾಯಿಯ ತಮ್ಮ ಅಮೋಘಸಿದ್ದ ಬಂಡಿ ಕಟ್ಟಿಕೊಂಡು, ಹವಳಗಾದ ನಾಲ್ಕು ಮಂದಿ ಹಿರಿಯರನ್ನು ಹತ್ತಿಸಿಕೊಂಡು ಆಳಂದಕ್ಕೆ ಬಂದ. ಹಿರಿಯರು ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕುಳಿತರು. ಅಂಗಳದಲ್ಲಿ ನಿಂತಿದ್ದ ಫಟಫಟಿಯನ್ನು, ಊರ ತುಂಬ ಹೆಸರು ಕೆಡಿಸಿಕೊಂಡ ದನವನ್ನು ನೋಡುವಂತೆ ನೋಡಿದರು.

"ಮಾವ, ನಮ್ಮ ಅಕ್ಕ ನಿಮಗ ಏನು ಕಮ್ಮಿ ಮಾಡ್ಯಾಳ?" ಎಂದ ಅಮೋಘಸಿದ್ದ.

"ಏನೂ ಇಲ್ಲೋ ಮಾರಾಯಾ! ಇಲ್ಲಿ ನೋಡು, ಸರಕಾರದ ರಸೀದಿ."

ಅಮೋಘಸಿದ್ದ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬರಹ ಉರ್ದುವಿನಲ್ಲಿತ್ತು. ಬಂದವರಲ್ಲಿ ಒಬ್ಬರಿಗೂ ಉರ್ದು ಓದಲು ಬರುತ್ತಿರಲಿಲ್ಲ. "ಇದು ಅಕ್ಕನ್ನ ಬಿಟ್ಟೀನಂತ ಬರದ ಸೋಡಚೀಟಿ ಅಲ್ಲಂತ ನಾ ಹೆಂಗ ನಂಬಲಿ?"

"ಯಾರ ಕಡಿಂದರ ಓದಸ್ತೇನಿ, ತಡಿ."

"ಬ್ಯಾಡ," ಎಂದರು ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದವರು. "ಮನಿತನದ ಮರ್ಯಾದಿ ಪ್ರಶ್ನಿ. ಹೊರಗಿನವರ ಕಡಿಂದ ಓದಿಸಿದ್ರ ಊರೆಲ್ಲಾ ಆಗತೈತಿ." ಹೀಗೆ ಮರ್ಯಾದೆ ಉಳಿಯಿತು, ಸತ್ಯ ಮಾಳಿಂಗಪ್ಪನ ಕೈಯಲ್ಲೇ ಉಳಿಯಿತು. ಹಿರಿಯರು ಬಾಗಿಲ ಕಡೆ ತಿರುಗಿದರು. "ನೀ ಹೇಳವ್ವಾ ಗೌರಾಬಾಯಿ. ಹೊಡದಾನೇನು?"

"ಇಲ್ರಿ."

"ಉಣ್ಣಾಕ, ಉಡಾಕ ಏನರ ಕಮ್ಮಿ?"

"ಇಲ್ರಿ. ಹಿಂದ ನನಗೊಂದು ಜಾಗಾ ಇತ್ತು, ಅದನ್ನ ತೆಗಿಸ್ಯಾರ. ತೆಗಿಸೂ ಮುಂದ ನನ್ನ ಕೇಳಲಿಲ್ಲ. ಅಷ್ಟೇ ರಿ."

ಒಂದೂ ಸುಳ್ಳಿರಲಿಲ್ಲ. ಮಾಳಿಂಗಪ್ಪ ರಸೀದಿ ಮಡಚಿ ಜೇಬಿಗಿಟ್ಟುಕೊಂಡ. ಗೌರಾಬಾಯಿ ಎರಡು ಸೀರೆ ಗಂಟು ಕಟ್ಟಿಕೊಂಡು ತಮ್ಮನ ಬಂಡಿ ಹತ್ತಿದಳು.

ಮೊದಲ ದಿನ ಅವನು ಸಿಟ್ಟಿನಲ್ಲಿದ್ದ. ಎರಡನೆಯ ದಿನ ಖಾನಾವಳಿಯ ರೊಟ್ಟಿ ತಿಂದು ಹೊಟ್ಟೆನೋವಿನಲ್ಲಿದ್ದ. ಆಮೇಲೆ ಏನೂ ಇರಲಿಲ್ಲ, ಬರೀ ಮನೆಯಿತ್ತು. ಗುಲಬರ್ಗಾಕ್ಕೆ ಓಡಿ, ಪೂರ್ತಿ ಮಹಸೂಲು ಕಟ್ಟುತ್ತೇನೆ, ಎರಡು ಸೀಟು ಅಂತ ಬರೆದುಕೊಳ್ಳಿ ಎಂದು ಗುಮಾಸ್ತನ ಎದುರು ಕೈಮುಗಿದ. ಗುಮಾಸ್ತನಿಗೆ ಆಶ್ಚರ್ಯವಾಯಿತು. ಅವನ ನೌಕರಿಯಲ್ಲಿ ಮಹಸೂಲು ಹೆಚ್ಚು ಮಾಡಿ ಎಂದು ಬೇಡಿಕೊಂಡವರು ಯಾರೂ ಇರಲಿಲ್ಲ.

"ಈ ವರ್ಷದ ಸಾಲು ಮುಗಿಯೋತನಕ ಒಂದೇ, ಸಾವ್ಕಾರ. ನಡುವ ಬದಲ ಮಾಡೋ ಹುಕುಂ ಇಲ್ಲ. ಇನ್ನೊಬ್ಬರನ್ನ ಕೂರಿಸಿದ್ರ ಜುಲ್ಮಾನೆ ಬೀಳತೈತಿ, ನೋಡ್ರಿ."

ಹಾಗಾಗಿ ಮಾಳಿಂಗಪ್ಪ ಒಂಟಿ ಸೀಟಿನಲ್ಲೇ ಹವಳಗಾಕ್ಕೆ ಹೋದ. ಈ ಸಲ ಯಾವ ಬಾಗಿಲಿಗೂ ಯಾರೂ ಬರಲಿಲ್ಲ. ಗೌರಾಬಾಯಿ ಅಂಗಳದಲ್ಲಿ ಕುಳಿತು ಉಣ್ಣೆ ನೂಲುತ್ತಿದ್ದಳು. ಕದಿರು ನಿಲ್ಲಿಸಲಿಲ್ಲ.

"ಜೇವರ್ಗಿ ಹುಡುಗಿ ಹೆಂಗ ಅದಾಳ್ರಿ?"

"ನಾ ನೋಡಿಲ್ಲ."

"ನೋಡಬೇಕಿತ್ತು. ಬಾಯಿ ಸಣ್ಣದಂತ."

ಅವನು ನೆಲದ ಮೇಲೆ ಕುಳಿತ. "ಗೌರಿ, ಮಹಸೂಲು ಉಳೀತೈತಿ ಅಂದ ಕೂಡಲೇ ತೆಗಿಸಿಬಿಟ್ಟೆ. ಬ್ಯಾರೆ ಏನೂ ತಲ್ಯಾಗ ಬರಲಿಲ್ಲ."

"ನನಗ ಬಂತು," ಎಂದಳು ಅವಳು. ದನಿ ಸಣ್ಣಗಾಯಿತು. "ಹತ್ತು ವರ್ಷ ಆತು, ಮಕ್ಕಳಿಲ್ಲ. ಇವತ್ತಿಲ್ಲ ನಾಳೆ ಹಿಂಗ ಆಗತೈತಿ ಅಂತ ಅಂಜಿಕೋತ ಇದ್ದೆ. ಸೀಟ ತೆಗಿಸೀನಿ ಅಂದ್ರಿ. ಬಾಯಿಬಿಟ್ಟು ಹೇಳಾಕ ಆಗದವರು ಹಿಂಗ ಹೇಳ್ಯಾರ ಅನಕೊಂಡೆ."

ಮಾಳಿಂಗಪ್ಪ ದಂಗಾದ. ಅವಳು ಅಷ್ಟು ದೊಡ್ಡ ಭಾರ ಹೊತ್ತು ರೊಟ್ಟಿ ಬಡಿಯುತ್ತಿದ್ದಾಗ ತಾನು ಶಾಬಾಸ್‌ಗಿರಿಗೆ ಕಾದು ನಿಂತಿದ್ದ! "ಅಷ್ಟು ದೂರ ವಿಚಾರ ಮಾಡೋ ಬುದ್ಧಿ ನನಗಿಲ್ಲಲೇ ಹುಚ್ಚಿ," ಎಂದ. "ಜಿಪುಣ ಇರಬಹುದು. ಅಂಥಾವ ಅಲ್ಲ."

ಗೌರಾಬಾಯಿ ಅವನ ಮುಖ ನೋಡಿದಳು. ಅಳು ಬರಬೇಕಾದಲ್ಲಿ ನಗು ಬಂತು. ಇಂಥ ಗಂಡನನ್ನು ಅನುಮಾನಿಸುವುದೂ ಅವನ ಯೋಗ್ಯತೆಗೆ ಮೀರಿದ ಮರ್ಯಾದೆಯಾಯಿತಲ್ಲ ಎನಿಸಿರಬೇಕು.

"ಬರ್ತೇನಿ," ಎಂದಳು. "ಆದ್ರ ಬಂಡ್ಯಾಗ ಬರಂಗಿಲ್ಲ. ಫಟಫಟಿ ಮ್ಯಾಲೇ."

"ಇರೋದು ಒಂದೇ ಸೀಟು! ಇಬ್ಬರು ಕುಂತ್ರ ಜುಲ್ಮಾನೆ."

"ಇಬ್ಬರು ಯಾಕ? ನಾ ಒಬ್ಬಾಕಿನೇ ಕುಂದರ್ತೇನಿ. ನೀವು ನೂಕ್ರಿ."

ಹವಳಗಾದ ಬಾಗಿಲುಗಳೆಲ್ಲ ಆಗ ತೆರೆದವು. ಮುಂದಿನ ಸೀಟಿನಲ್ಲಿ ಇಳಕಲ್ ಸೀರೆಯ ಗೌರಾಬಾಯಿ, ಮಡಿಲಲ್ಲಿ ಅವಳ ಗಂಟು. ರುಮಾಲು ಸಡಿಲಿ ಹೆಗಲಿಗೆ ಬಿದ್ದ ಮಾಳಿಂಗಪ್ಪ ಹಿಂದಿನಿಂದ ನೂಕುತ್ತ. ಹ್ಯಾಂಡಲ್ ಅತ್ತಿತ್ತ ಹೊರಳಿದಾಗೆಲ್ಲ ಅಮೋಘಸಿದ್ದ ಓಡಿ ಬಂದು ಹಿಡಿಯುತ್ತಿದ್ದ. ಹಿರಿಯರು ಕಟ್ಟೆ ಬಿಟ್ಟು ಎದ್ದು ನಿಂತರು. ರಬ್ಬರ್ ಹಾರ್ನು ಎಲ್ಲಿದೆಯೆಂದು ಗೌರಾಬಾಯಿಗೆ ಗೊತ್ತಿತ್ತು, ಕೈತುಂಬ ಹಿಚುಕಿದಳು. ಕೋಳಿಗಳು ಹಾರಿದವು. ಇನ್ನು ಸೋಡಚೀಟಿಯ ಮಾತನ್ನು ಆಡುವ ಬಾಯಿ ಆ ಊರಲ್ಲಿ ಉಳಿಯಲಿಲ್ಲ.

ಅಫಜಲಪುರದ ರಸ್ತೆಗೆ ಬಂದ ಮೇಲೆ ತೊಗರಿ ಹೇರಿದ ಲಾರಿಯೊಂದು ಸಿಕ್ಕಿತು. ಫಟಫಟಿಯನ್ನು ಚೀಲಗಳ ಮೇಲೆ ಮಲಗಿಸಿ ಕಟ್ಟಿ, ಗಂಡ ಹೆಂಡತಿ ಡ್ರೈವರನ ಪಕ್ಕ ಕುಳಿತು ಊರಿಗೆ ಬಂದರು. ಲಾರಿಯವನು ಕೇಳಿದ ಬಾಡಿಗೆ, ಉಳಿಸಿದ ಮಹಸೂಲಿಗಿಂತ ಹೆಚ್ಚೇ ಆಯಿತು. ಮಾಳಿಂಗಪ್ಪ ಚೌಕಾಶಿ ಮಾಡಲಿಲ್ಲ. ಅದನ್ನು ನೋಡಿ ಗೌರಾಬಾಯಿಗೆ ಒಳಗೊಳಗೇ ಗಾಬರಿಯಾಯಿತು, ಗಂಡನಿಗೆ ಜ್ವರ ಬಂದಿದೆಯೇನೋ ಎಂದು.

ಮರುವರ್ಷ ಅವನು ಎರಡು ಸೀಟಿನ ಮಹಸೂಲು ಎಲ್ಲರಿಗಿಂತ ಮೊದಲು ಕಟ್ಟಿದ. ಇಸ್ಮಾಯಿಲನಿಂದ ಹೊಸ ಸೀಟು ಮಾಡಿಸಿ, ಕುರಿಯ ತುಪ್ಪಳ ತುಂಬಿಸಿದ. ಅಷ್ಟರಲ್ಲಿ ದೂರದ ದೇಶದಲ್ಲಿ ಯುದ್ಧ ಶುರುವಾಗಿ, ಬರಬರುತ್ತ ಪೆಟ್ರೋಲು ಸಿಗದಂತಾಯಿತು. ಮಹಸೂಲು ತುಂಬಿದ ಫಟಫಟಿ ಮನೆಯಂಗಳದ ಬೇವಿನ ಗಿಡದ ಕೆಳಗೆ ನಿಂತೇ ಇತ್ತು. ಸಂಜೆ ಹೊತ್ತು ಗೌರಾಬಾಯಿ ಅದರ ಮುಂದಿನ ಸೀಟಿನ ಮೇಲೆ ಕುಳಿತು ಉಣ್ಣೆ ಹಿಂಜುತ್ತಿದ್ದಳು. ಮಾಳಿಂಗಪ್ಪ ಹಿಂದಿನ ಸೀಟಿನಲ್ಲಿ ಕುಳಿತು ಅವಳಿಗೆ ಕಂಬಳಿಯ ದರ ಹೇಳುತ್ತಿದ್ದ.