ಹೆಸರಿನ ಬಾಲ

ಯಶೋಧರಾಳ ಕೊರಳಲ್ಲಿ ನೇತಾಡುತ್ತಿದ್ದ ಕಂಪನಿಯ ಕಾರ್ಡಿನಲ್ಲಿ ಅವಳ ಹೆಸರು ‘ಯಶೋದ ಆರ್.’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಈ ಕಡೆ ಇನಿಷಿಯಲ್ ಇಲ್ಲದ ಮನುಷ್ಯನೇ ಇಲ್ಲವಾದ್ದರಿಂದ, ಕಾರ್ಡು ಮಾಡಿದವರು ಅವಳ ಹೆಸರಿನ ಕೊನೆಯ ‘ರಾ’ವನ್ನು ಕತ್ತರಿಸಿ ಇನಿಷಿಯಲ್ ಮಾಡಿಬಿಟ್ಟಿದ್ದರು. ಕೊರಟಗೆರೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪ ಸಂಜೀವಯ್ಯ ಇಟ್ಟ ಹೆಸರು ಬುದ್ಧನ ಮನೆಯದು. ಕಾರ್ಡಿನ ಹೆಸರು ಕೃಷ್ಣನ ಮನೆಯದು. ಪ್ರತಿ ಸಲ ಕಾರ್ಡು ತೋರಿಸುವಾಗಲೂ ಬೇರೆ ಯಾರದೋ ಮನೆ ಬಾಗಿಲಲ್ಲಿ ನಿಂತಂತೆ ಅವಳಿಗೆ ಅನಿಸುತ್ತಿತ್ತು.

ತಿದ್ದಿಸಬಹುದಿತ್ತು. ಆದರೆ ಸೋಲಾರ್ ಕಂಪನಿಯ ಕಚೇರಿ ಇದ್ದದ್ದು ಪಾವಗಡದಲ್ಲಿ, ಅಲ್ಲಿ ಅರ್ಧ ಮಾತು ತೆಲುಗು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋನಿನಲ್ಲಿ “ನಾನು ಯಶೋದ…ರಾ” ಎಂದು ಸ್ಪಷ್ಟವಾಗಿ ಬಿಡಿಸಿ ಹೇಳಿದರೆ, ಆ ಕಡೆಯಿಂದ “ಎಕ್ಕಡಿಕಿ?” ಎಂದು ಕೇಳುತ್ತಿದ್ದರು. ತೆಲುಗಿನಲ್ಲಿ ರಾ ಅಂದರೆ ಬಾ. ಎಲ್ಲಿಗೆ ಬರಬೇಕು ಎಂದು ಅವರು ಕೇಳುವುದರಲ್ಲಿ ತಪ್ಪೇನಿರಲಿಲ್ಲ. ಹೀಗೆ ಕೆಲವು ಸಲ ಆದಮೇಲೆ ಅವಳೇ ಆ ಬಾಲವನ್ನು ಮಡಚಿ ಇಟ್ಟುಬಿಟ್ಟಳು. ಮ್ಯಾನೇಜರ್ ರೇಣುಕಪ್ರಸಾದ್ ಅವರಂತೂ ಮೊದಲ ದಿನದಿಂದಲೂ “ಯಶೋದಮ್ಮ” ಎಂದೇ ಬಾಯ್ತುಂಬ ಕರೆಯುತ್ತಿದ್ದರು. ಪ್ರೀತಿಯಿಂದ ಕರೆಯುವವರನ್ನು ತಿದ್ದುವುದು ಇನ್ನೂ ಕಷ್ಟ.

ಇಂಥವಳಿಗೆ ಒಂದು ಕೊರಿಯನ್ ಹೆಸರು ಬಂದು ತಗಲಿಕೊಂಡಿತು.

ನೀರಿಲ್ಲದೆ ಸೋಲಾರ್ ಹಲಗೆಗಳ ಧೂಳು ತೆಗೆಯುವ ಯಂತ್ರವನ್ನು ಪರೀಕ್ಷೆ ಮಾಡಿ ತೋರಿಸಲು ಕೊರಿಯಾದಿಂದ ಒಬ್ಬ ಮಹಿಳಾ ಎಂಜಿನಿಯರ್ ಬರುವವರಿದ್ದರು. ಬರುವವರು ಹೇಗೂ ಬರುತ್ತಾರೆ, ಬಲಸಮುದ್ರದ ಶಾಲೆಗೆ ಕಂಪನಿ ಕಟ್ಟಿಸಿಕೊಟ್ಟ ಕಂಪ್ಯೂಟರ್ ಕೋಣೆಯನ್ನೂ ಅವರ ಕೈಯಲ್ಲೇ ಉದ್ಘಾಟನೆ ಮಾಡಿಸೋಣ ಎಂದರು ರೇಣುಕಪ್ರಸಾದ್. ನಿರೂಪಣೆ ಯಶೋಧರಾಳ ಪಾಲಿಗೆ ಬಂತು. ತುಮಕೂರಿನ ಸಂಜೆ ಕಾಲೇಜಿನಲ್ಲಿ ಓದಿದವಳಿಗೆ ಮೈಕು ಅಂದರೆ ಒಳಗೊಳಗೆ ಆಸೆ, ಮೇಲೆಮೇಲೆ ಭಯ. ಇದಕ್ಕೂ ಮೊದಲು ಅವಳು ಮೈಕು ಹಿಡಿದದ್ದಿಲ್ಲ.

ಮೇಲ್‌ನಲ್ಲಿ ಬಂದಿದ್ದ ಅತಿಥಿಯ ಹೆಸರು ಹೀಗಿತ್ತು: ಸಿ ಎಚ್ ಓ ಓ, ಆಮೇಲೆ ಇ ಯು ಎನ್, ನಡುವೆ ಸಣ್ಣ ಗೆರೆ, ಎಸ್ ಇ ಓ. ಅವಳು ಅದನ್ನು ನಾಲಿಗೆಯ ಮೇಲೆ ಇಟ್ಟು ಎಲ್ಲ ಕಡೆಗೂ ಹೊರಳಿಸಿ ನೋಡಿದಳು. ಫೋನಿನಲ್ಲಿ ಹುಡುಕಿದರೆ ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಿದ್ದರು. ಅಷ್ಟರಲ್ಲಿ ಫ್ಲೆಕ್ಸ್ ಅಂಗಡಿಯ ತಿಪ್ಪೇಶ್ ಹೆಸರು ಕಳಿಸಿ ಎಂದು ಬೆನ್ನು ಬಿದ್ದ. ಕೊನೆಗೆ ಅವಳು ಅಳುಕಿನಿಂದಲೇ “ಚೂ ಯೂನ್ ಸಿಯೋ” ಎಂದು ವಾಯ್ಸ್ ಮೆಸೇಜ್ ಕಳಿಸಿ, “ಇನ್ನೊಂದ್ಸಲ ಕೇಳಿ ಹೇಳ್ತೀನಿ, ಅಲ್ಲೀವರೆಗೂ ಪ್ರಿಂಟ್ ಹಾಕ್ಬೇಡಿ” ಎಂದು ಸೇರಿಸಿದಳು. ತಿಪ್ಪೇಶ್ ಯಾವ ಮೆಸೇಜನ್ನೂ ಕೊನೆಯವರೆಗೆ ಕೇಳುವವನಲ್ಲ ಎಂಬುದು ಪಾವಗಡಕ್ಕೆಲ್ಲ ಗೊತ್ತಿತ್ತು. ಅವಳಿಗೆ ಮಾತ್ರ ಗೊತ್ತಿರಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಅವಳು ಮಧುಗಿರಿಯಲ್ಲಿ ಕಂಪನಿಯ ಕಾರು ಹತ್ತಿದಳು. ಪುರವರದ ರಂಗೇಶ್ ಡ್ರೈವರ್. ವಿಮಾನ ನಿಲ್ದಾಣದಿಂದ ಕರೆತಂದಿದ್ದ ಅತಿಥಿ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ನಲವತ್ತರ ಆಸುಪಾಸಿನ ಹೆಂಗಸು, ತುಂಡುಗೂದಲು, ಮಡಿಲಲ್ಲಿ ರಂಗೇಶ್ ಕೊಡಿಸಿದ್ದ ಎಳನೀರು. ಯಶೋಧರಾ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ, ಕ್ಷಮಿಸಿ, ನಿಮ್ಮ ಹೆಸರನ್ನು ಹೇಗೆ ಹೇಳಬೇಕು ಎಂದು ಮೊದಲಿಗೇ ಕೇಳಿಬಿಟ್ಟಳು. ಆಕೆ ನಕ್ಕು, ಹೊರದೇಶದವರಿಗೆ ಅದು ಕಷ್ಟ, ಎಲ್ಲರೂ ಯೂನಿಸ್ ಅಂತಾರೆ, ನೀವೂ ಹಾಗೇ ಕರೆಯಿರಿ ಎಂದರು.

ಆ ದನಿಯನ್ನು ಯಶೋಧರಾ ಗುರುತು ಹಿಡಿದಳು. ತಾನು ಫೋನಿನಲ್ಲಿ ‘ಯಶೋದ ಅನ್ನಿ ಸಾಕು’ ಎನ್ನುವಾಗ ಬರುವ ದನಿಯೇ ಅದು. ಹಗುರಾಗಿ, ನಗುನಗುತ್ತ, ಎದುರಿನವರಿಗೆ ತೊಂದರೆಯಾಗದಂತೆ. ಈಕೆ ನಮ್ಮೂರಿಗೆ ಬಂದು ಹೆಸರನ್ನು ಮಡಚಿಕೊಂಡು ಹಿಂದಕ್ಕೆ ಹೋಗಬಾರದು ಎಂದು ಅವಳಿಗೆ ಗಟ್ಟಿಯಾಗಿ ಅನಿಸಿಬಿಟ್ಟಿತು.

“ಯೂನಿಸ್ಸಾ?” ಎಂದ ರಂಗೇಶ್. “ಸಿರಾದಾಗೆ ನಂಗೆ ಡ್ರೈವಿಂಗ್ ಕಲಿಸಿದ ಮೇಷ್ಟ್ರು ಯೂನುಸ್ ಸಾಹೇಬ್ರು ಕಣಕ್ಕ. ಹೆಣ್ಮಕ್ಳಿಗೂ ಇಕ್ತಾರಾ ಆ ಹೆಸರ?”

ಬಸ್ ನಿಲ್ದಾಣದ ಮುಂದೆ ಬಡವನಹಳ್ಳಿ ಬೋರ್ಡಿನ ಬಸ್ಸೊಂದು ರಸ್ತೆಗಡ್ಡ ನಿಂತು ಹಿಂದೆ ಮುಂದೆ ಮಾಡುತ್ತಿತ್ತು. ಅದನ್ನೇ ನೋಡುತ್ತಿದ್ದ ಅತಿಥಿ ತಮ್ಮಷ್ಟಕ್ಕೆ ತಮ್ಮ ಭಾಷೆಯಲ್ಲಿ ಏನೋ ಅಂದುಕೊಂಡರು. ರಂಗೇಶ್ ತಟ್ಟನೆ ಹಿಂದೆ ತಿರುಗಿದ.

“ಅಕ್ಕ, ಮೇಡಂನೋರು ಬಸ್ಸು ಅಂದ್ರು ಕಣಕ್ಕ. ನಮ್ಮಂಗೇ ಅಂದ್ಬುಟ್ರು.”

ಯಶೋಧರಾ ಅತಿಥಿಯನ್ನೇ ಕೇಳಿದಳು. ನಿಜವೇ. ಕೊರಿಯಾದವರೂ ಇಂಗ್ಲಿಷಿನ ಬಸ್ಸಿಗೆ ಕೊನೆಯಲ್ಲಿ ಒಂದು ಬಾಲ ಅಂಟಿಸುತ್ತಾರಂತೆ. ಆ ಬಾಲದ ಸ್ವರವೇ ತನ್ನ ಹೆಸರಿನ ನಡುವೆಯೂ ಇದೆ, ಇಂಗ್ಲಿಷಿನಲ್ಲಿ ಅದಕ್ಕೆ ಅಕ್ಷರವಿಲ್ಲ, ಅದಕ್ಕೇ ಇ ಯು ಎಂದು ಬರೆಯುತ್ತೇವೆ, ಓದುವವರು ಯೂ ಮಾಡುತ್ತಾರೆ ಎಂದರು ಆಕೆ. ಯಶೋಧರಾ ಮೆಲ್ಲಗೆ ಬಸ್ಸು, ಕಾರು, ಲೈಟು ಎಂದು ಹೇಳಿಕೊಂಡಳು. ತುಟಿ ದುಂಡಗಾಗದೆ ಹಲ್ಲಿನ ಸಂದಿಯಿಂದಲೇ ಜಾರಿಹೋಗುವ ಆ ಉ ಅವಳ ಬಾಯಲ್ಲಿ ಹುಟ್ಟಿದಾಗಿನಿಂದಲೂ ಇತ್ತು. “ಉನ್” ಎಂದಳು. ಅತಿಥಿಯ ಹುಬ್ಬು ಮೇಲೇರಿತು.

ಮಿಡಿಗೇಶಿ ಹತ್ತಿರವಾಗುವಷ್ಟರಲ್ಲಿ ಕೊನೆಯ ಅಕ್ಷರವೂ ಸಿಕ್ಕಿತು. ಎಸ್ ಇ ಓ ಎಂದು ಬರೆದದ್ದು ಸಿಯೋ ಅಲ್ಲ, ಸೊ. ಸೊಪ್ಪು ಎನ್ನುವಾಗ ಬರುವ ‘ಸೊ’ಗೆ ತೀರ ಹತ್ತಿರ. ಬಸ್ಸಿನ ಬಾಲ, ಸೊಪ್ಪಿನ ತಲೆ. ಉನ್‌ಸೊ. ಅವಳು ಅದನ್ನು ಹೇಳಿದಾಗ ಆಕೆ ಎಳನೀರನ್ನು ಪಕ್ಕಕ್ಕಿಟ್ಟು ಚಪ್ಪಾಳೆ ತಟ್ಟಿದರು.

ಉಳಿದದ್ದು ಮನೆತನದ ಹೆಸರು. ಅದನ್ನು ಅವರು ಮೊದಲಿಗೇ ಹೇಳುತ್ತಾರಂತೆ, ಚೂ ಎಂದಲ್ಲ, ಉಸಿರು ಒತ್ತಿ. ಆಕೆ ಹೇಳಿ ತೋರಿಸಿದ್ದೇ ರಂಗೇಶನ ಭುಜ ಕುಲುಕತೊಡಗಿತು. ಅದು ಸಾಕ್ಷಾತ್ ‘ಛೂ’. ನಾಯಿಯನ್ನು ಯಾರ ಮೇಲಾದರೂ ಬಿಡುವಾಗ ಹೇಳುವ ಛೂ.

“ಅಕ್ಕ, ಸರಿಯಾಗಿ ಅಂದ್ರೆ ನಾಯಿ ಬುಟ್ಟಂಗಾಯ್ತದೆ, ತಪ್ಪಾಗಿ ಅಂದ್ರೆ ಮೇಡಂಗೆ ಬೇಜಾರಾಯ್ತದೆ. ನೋಡ್ಕೊ ಮತ್ತೆ.”

ಅವನು ತಮಾಷೆಗೆ ಅಂದದ್ದು. ಯಶೋಧರಾ ಪಾವಗಡ ದಾಟುವವರೆಗೂ ಅದನ್ನೇ ಯೋಚಿಸಿದಳು. ಚೂ ಅಂದರೆ ಯಾರೂ ನಗುವುದಿಲ್ಲ, ಆದರೆ ಅದು ಆಕೆಯ ಹೆಸರಲ್ಲ. ನಡುವೆ ಆಕೆ ಅವಳ ಕಾರ್ಡನ್ನು ಓದಿ, ಈ ಆರ್ ಅಂದರೆ ಏನು ಎಂದು ಕೇಳಿದರು. ಅದೇನೂ ಇಲ್ಲ, ಸುಮ್ಮನೆ ಎಂದಳು ಯಶೋಧರಾ.

ಬಲಸಮುದ್ರದ ಶಾಲೆಯ ಮುಂದೆ ಕಾರು ನಿಂತಾಗ ಅವಳಿಗೆ ಮೊದಲು ಕಂಡದ್ದು ಫ್ಲೆಕ್ಸು. ಬಣ್ಣಬಣ್ಣದ ಹೂಗಳ ನಡುವೆ ದಪ್ಪ ಅಕ್ಷರ: ‘ಶ್ರೀಮತಿ ಚೂ ಯೂನ್, ಮಾನ್ಯ ಸಿ.ಇ.ಒ. ರವರಿಗೆ ಹಾರ್ದಿಕ ಸುಸ್ವಾಗತ’.

ಸಿಯೋ ಎಂದದ್ದು ತಿಪ್ಪೇಶನ ಕಿವಿಗೆ ಸಿಇಒ ಎಂದು ಬಿದ್ದಿತ್ತು. ಬರೀ ಸಿ.ಇ.ಒ. ಎಂದರೆ ಮರ್ಯಾದೆ ಕಡಿಮೆಯಾಯಿತೆಂದು ಮಾನ್ಯವನ್ನು ಅವನೇ ಸೇರಿಸಿದ್ದ. ಯಶೋಧರಾ ಅದನ್ನು ಇನ್ನೊಮ್ಮೆ ಓದಿದಳು. ತನ್ನ ಹೆಸರಿನ ಬಾಲವನ್ನು ಯಾರೋ ಇನಿಷಿಯಲ್ ಮಾಡಿದರೆಂದು ವರ್ಷಗಟ್ಟಲೆ ನೊಂದುಕೊಂಡವಳು, ಇನ್ನೊಬ್ಬರ ಹೆಸರಿನ ಬಾಲವನ್ನು ಕತ್ತರಿಸಿ ಹುದ್ದೆ ಮಾಡಿದ್ದಳು.

ಅಷ್ಟಕ್ಕೇ ಮುಗಿಯಲಿಲ್ಲ. ಈ ಸೀಮೆಯಲ್ಲಿ ಸಿ.ಇ.ಒ. ಎಂದರೆ ಒಬ್ಬರೇ, ಜಿಲ್ಲಾ ಪಂಚಾಯಿತಿಯವರು. ಫ್ಲೆಕ್ಸು ನೋಡಿದ ಊರು ಪೂರ್ತಿ ನೆರೆದಿತ್ತು. ಎಲ್ಲರಿಗಿಂತ ಮುಂದೆ ಬಿಳಿ ಪಂಚೆಯ ಊರ ಹಿರಿಯ ದೊಡ್ಡಹನುಮಯ್ಯ, ಅವನ ಪಕ್ಕದಲ್ಲಿ ಶಾಲೆಯ ಬಿಸಿಯೂಟದ ಅಡಿಗೆಯ ಕೊಲ್ಲಾಪುರಮ್ಮ, ಅವಳ ಸೀರೆಯ ನೆರಿಗೆಗೆ ಅಂಟಿಕೊಂಡಂತೆ ಬಿಸಿಯೂಟ ತಿಂದು ಬೆಳೆದ ಕರಿಯ ಎಂಬ ನಾಯಿ.

ದೊಡ್ಡಹನುಮಯ್ಯ ಕಾರಿನ ಬಾಗಿಲಿಗೇ ಬಂದು ಕೈ ಮುಗಿದು, ತೆಲುಗಿನಲ್ಲಿ ಬನ್ನಿ ಬನ್ನಿ ಎಂದು ಕರೆದ. “ರಂಡಮ್ಮಾ, ರಂಡಿ. ಬಸ್ಸು ನಮ್ ಸ್ಕೂಲ್ ತಾವ ನಿಲ್ತಾ ಇಲ್ಲ ತಾಯಿ. ಹುಡುಗ್ರು ಬಿಸಿಲಾಗೆ ನಡ್ಕೊಂಡು ಬತ್ತಾವೆ. ತಾವೊಂದು ಮಾತು ಹೇಳಿದ್ರೆ ನಿಲ್ತೈತೆ.”

ಇಡೀ ಮಾತಿನಲ್ಲಿ ಅತಿಥಿಗೆ ಅರ್ಥವಾದದ್ದು ಬಸ್ಸು ಒಂದೇ. ಹೌದು, ಬಸ್ಸು ಎಂದು ಅವರು ತಲೆಯಾಡಿಸಿದರು. ಹಿಂದಿನಿಂದ ಯಾರೋ ಸಿಇಒ ಮೇಡಂ ಒಪ್ಪಿಕೊಂಡ್ರು ಎಂದರು. ಜನರಲ್ಲಿ ಗೆಲುವು ಹರಡಿತು.

ರೇಣುಕಪ್ರಸಾದ್ ಬೆವರು ಒರೆಸಿಕೊಳ್ಳುತ್ತ ಅವಳ ಹತ್ತಿರ ಬಂದರು. “ಯಶೋದಮ್ಮ, ಈಗೇನೂ ತಿದ್ದಕ್ಕೆ ಹೋಗ್ಬೇಡಿ. ಹೆಸರೇ ಹೇಳ್ಬೇಡಿ ಬಿಡಿ. ನಮ್ಮ ಗೌರವಾನ್ವಿತ ಅತಿಥಿಗಳು ಅಂತ ಹೇಳ್ಕೊಂಡು ಹೋಗಿ, ಮುಗಿದೋಗ್ಲಿ.”

ಅವರು ಹೇಳಿದ್ದು ಅವಳನ್ನು ಉಳಿಸುವುದಕ್ಕೇ. ಅದು ಸುಲಭವೂ ಆಗಿತ್ತು. ಮೈಕಿನ ಮುಂದೆ ನಿಂತಾಗ ಅವಳು ‘ನಮ್ಮ ಗೌರವಾನ್ವಿತ’ ಎನ್ನುವವರೆಗೆ ಬಂದಳು ಕೂಡ. ಪಕ್ಕಕ್ಕೆ ನೋಡಿದರೆ ಅತಿಥಿ ಫ್ಲೆಕ್ಸಿನ ಅಕ್ಷರಗಳನ್ನು ಬೆರಳಲ್ಲಿ ತೋರಿಸುತ್ತ, ಇದರಲ್ಲಿ ನನ್ನ ಹೆಸರು ಯಾವುದು ಎಂದು ಶಾಲೆಯ ಮೇಷ್ಟರನ್ನು ಖುಷಿಯಿಂದ ಕೇಳುತ್ತಿದ್ದರು. ಮೇಷ್ಟರು ಸಿ.ಇ.ಒ. ಕಡೆ ಕೈ ತೋರಿಸುತ್ತಿದ್ದರು.

ಯಶೋಧರಾ ಮಾತು ನಿಲ್ಲಿಸಿದಳು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಫ್ಲೆಕ್ಸಲ್ಲಿ ತಪ್ಪಾಗೈತೆ. ತಪ್ಪು ನಂದೇ,” ಎಂದಳು. “ಇವರು ಜಿಲ್ಲಾ ಪಂಚಾಯಿತಿ ಸಿಇಒ ಅಲ್ಲ, ಎಂಜಿನಿಯರು. ಅಲ್ಲಿ ಸಿಇಒ ಅಂತ ಇರೋದು ಇವರ ಹೆಸರಿನ ಬಾಲ. ಅದನ್ನ ನಾನು ಕಿತ್ತಾಕ್ಬಿಟ್ಟೆ. ಈಗ ನೀವೆಲ್ಲ ಸೇರಿ ಅಂಟಿಸಿಕೊಡ್ಬೇಕು.”

ದೊಡ್ಡಹನುಮಯ್ಯನ ಮುಖ ಸಣ್ಣದಾಯಿತು. ಅವಳು ಅದನ್ನು ನೋಡದವಳಂತೆ ಮಕ್ಕಳ ಕಡೆ ತಿರುಗಿ, ಬಸ್ಸು ಎನ್ನಲು ಹೇಳಿದಳು. ಮಕ್ಕಳು ಬಸ್ಸು ಅಂದವು. ಬಸ್ಸು ಹೊರಟುಹೋಯಿತು, ಬಾಲ ಮಾತ್ರ ಉಳಿಯಿತು ಎಂದಳು. ಮಕ್ಕಳು ಉ ಅಂದವು. ಸೊಪ್ಪು ಅನ್ನಿ, ಪ್ಪು ನುಂಗಿಬಿಡಿ ಎಂದಳು. ಸೊ ಉಳಿಯಿತು. ನಡುವೆ ಒಂದು ನ್ ಸಿಕ್ಕಿಸಿದ್ದೇ ಇಡೀ ಅಂಗಳ “ಉನ್‌ಸೊ” ಎಂದಿತು. ಅತಿಥಿ ಕುರ್ಚಿಯಿಂದ ಅರ್ಧ ಎದ್ದರು. ಅಷ್ಟು ದೂರದ ಊರಿನಲ್ಲಿ, ಅಷ್ಟು ಬಾಯಿಗಳಿಂದ ತಮ್ಮ ಹೆಸರು ಹೀಗೆ ಬರುತ್ತದೆಂದು ಅವರು ಎಣಿಸಿದಂತಿರಲಿಲ್ಲ.

ಇನ್ನು ಮೊದಲಕ್ಷರ. ಯಶೋಧರಾ ಕರಿಯನ ಕಡೆಗೊಮ್ಮೆ ನೋಡಿದಳು. ಅದು ಕೊಲ್ಲಾಪುರಮ್ಮನ ಕಾಲ ಬಳಿ ಮಲಗಿ ನಿದ್ದೆ ಮಾಡುತ್ತಿತ್ತು. ಇಷ್ಟು ಬಂದು ಇಲ್ಲಿ ಕಳ್ಳತನ ಮಾಡಬಾರದು ಎಂದುಕೊಂಡು ಅವಳು ಮೈಕಿನಲ್ಲಿ ಉಸಿರು ಒತ್ತಿ, “ಛೂ” ಎಂದಳು. ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಶಾಲೆಗೆ ಶಾಲೆಯೇ ಒಟ್ಟಿಗೆ “ಛೂ” ಎಂದಿತು.

ಕರಿಯ ಎದ್ದಿತು. ಯಾರ ಮೇಲೆ ಎಂದು ಅದಕ್ಕೆ ಒಂದು ಕ್ಷಣ ತಿಳಿಯಲಿಲ್ಲ. ಎದುರಿಗೆ ಎಲ್ಲರಿಗಿಂತ ಹೆಚ್ಚು ಅನುಮಾನ ಹುಟ್ಟಿಸುವಂತೆ ಅಲ್ಲಾಡುತ್ತಿದ್ದದ್ದು ಗಾಳಿಗೆ ಉಬ್ಬಿದ ಫ್ಲೆಕ್ಸು. ನಾಯಿ ಬೊಗಳುತ್ತ ಓಡಿ ಅದರ ಕೆಳಗಿನ ಅಂಚು ಹಿಡಿದು ಎಳೆಯಿತು. ಮಾನ್ಯ ಸಿ.ಇ.ಒ. ಹೂವಿನ ಸಮೇತ ನೆಲಕ್ಕೆ ಬಂದರು.

ಮೊದಲು ನಕ್ಕದ್ದು ದೊಡ್ಡಹನುಮಯ್ಯ. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಏನಾಯಿತು ಎಂದು ಉನ್‌ಸೊ ಕೇಳಿದಾಗ ಯಶೋಧರಾ ಕಿವಿಯವರೆಗೆ ಕೆಂಪಾಗಿ, ಛೂ ಎಂದರೆ ನಮ್ಮಲ್ಲಿ ಏನೆಂದು ಇದ್ದದ್ದು ಇದ್ದಂತೆ ಹೇಳಿದಳು. ಆಕೆ ಬಾಯಿಗೆ ಕೈ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಮ್ಮ ಮನೆತನದ ಹೆಸರನ್ನು ಬರೆಯುವ ಹಳೆಯ ಅಕ್ಷರಕ್ಕೆ ಪೈರು ಕೊಯ್ಯುವ ಕಾಲ ಎಂದು ಅರ್ಥ ಎಂದರು. ಯಶೋಧರಾ ಅದನ್ನು ಮೈಕಿನಲ್ಲಿ ಹೇಳಿದಳು.

“ಅಂಗಾದ್ರೆ ಸುಗ್ಗಿಯಮ್ಮ,” ಎಂದ ದೊಡ್ಡಹನುಮಯ್ಯ, ತನಗೆ ತಾನೇ ತೀರ್ಪು ಕೊಟ್ಟಂತೆ. “ಬಸ್ಸು ನಿಲ್ದಿದ್ರೂ ಬ್ಯಾಡ ಬುಡು, ಇಂಥೋರು ಬಂದ್ರಲ್ಲ.” ಬಸ್ಸಿನ ವಿಚಾರ ತಾವೇ ಡಿಪೋಗೆ ಹೋಗಿ ಮಾತಾಡುವುದಾಗಿ ರೇಣುಕಪ್ರಸಾದ್ ಅಲ್ಲೇ ಒಪ್ಪಿಕೊಳ್ಳಬೇಕಾಯಿತು.

ಕಂಪ್ಯೂಟರ್ ಕೋಣೆಯ ಟೇಪು ಕತ್ತರಿಸಿ ಮಾತಿಗೆ ನಿಂತ ಉನ್‌ಸೊ, ಧನ್ಯವಾದ ಹೇಳುವ ಬದಲು ಯಶೋಧರಾಳ ಕೊರಳಿನ ಕಾರ್ಡನ್ನು ಹಿಡಿದು, ನನ್ನ ಬಾಲ ಸಿಕ್ಕಿತು, ಈಗ ಈ ಆರ್ ಏನೆಂದು ಹೇಳಿಬಿಡಿ ಎಂದರು. ಇಷ್ಟು ಜನರ ಎದುರಿಗೆ ‘ಅದೇನೂ ಇಲ್ಲ, ಸುಮ್ಮನೆ’ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅದು ಇನಿಷಿಯಲ್ ಅಲ್ಲ, ನನ್ನ ಹೆಸರು ಯಶೋಧರಾ, ಬುದ್ಧನಾಗುವ ಮೊದಲು ಸಿದ್ಧಾರ್ಥ ಬಿಟ್ಟುಹೋದ ಹೆಂಡತಿಯ ಹೆಸರು ಎಂದಳು.

“ಯಾಸೊದಾರಾ,” ಎಂದರು ಉನ್‌ಸೊ ತಡವರಿಸದೆ. ನಮ್ಮಜ್ಜಿ ಬುದ್ಧನ ದೇವಸ್ಥಾನಕ್ಕೆ ಕರೆದುಕೊಂಡು ಹೋದಾಗಲೆಲ್ಲ ಆ ಕತೆ ಹೇಳುತ್ತಿದ್ದರು, ಆ ಹೆಸರು ನನಗೆ ಚಿಕ್ಕಂದಿನಿಂದ ಗೊತ್ತು ಎಂದರು. ‘ಶ’ ಹೋಗಿ ‘ಸ’ ಆಗಿತ್ತು, ‘ಧ’ಗೆ ಉಸಿರಿರಲಿಲ್ಲ. ಆದರೆ ರಾ ಪೂರ್ತಿಯಾಗಿತ್ತು. ಯಶೋಧರಾ ಮೈಕಿನ ವೈರನ್ನು ಸರಿಪಡಿಸತೊಡಗಿದಳು. ಅದು ಸರಿಯಾಗಿಯೇ ಇತ್ತು.

ಫೋಟೊಗೆ ಎಲ್ಲರೂ ಮೆಟ್ಟಿಲ ಮೇಲೆ ಸೇರಿದರು. ನಡುವೆ ಉನ್‌ಸೊ, ಅವರ ಕಾಲ ಬಳಿ ಕರಿಯ, ಬಾಯಲ್ಲಿ ಇನ್ನೂ ಫ್ಲೆಕ್ಸಿನ ಚೂರು. ಯಶೋಧರಾ ತನ್ನ ಪಾಡಿಗೆ ದೂರದಲ್ಲಿ ಕುರ್ಚಿ ಮಡಚುತ್ತಿದ್ದಳು.

“ಯಶೋದಾ,” ಎಂದು ರೇಣುಕಪ್ರಸಾದ್ ಅಭ್ಯಾಸದಂತೆ ಕೂಗಿದರು.

“ರಾ,” ಎಂದರು ಪಕ್ಕದಲ್ಲಿದ್ದ ಉನ್‌ಸೊ.

ಮಕ್ಕಳಿಗೆ ಆಟ ಸಿಕ್ಕಿತು. “ರಾ, ರಾ” ಎಂದು ಮೆಟ್ಟಿಲಿಗೆ ಮೆಟ್ಟಿಲೇ ಕೂಗಿತು. ಅವು ಹೆಸರನ್ನು ಪೂರ್ತಿ ಮಾಡುತ್ತಿದ್ದವೋ ಬಾ ಎಂದು ಕರೆಯುತ್ತಿದ್ದವೋ, ಬಲಸಮುದ್ರದಲ್ಲಿ ಅದನ್ನು ಬೇರೆಬೇರೆ ಮಾಡುವುದು ಸಾಧ್ಯವಿರಲಿಲ್ಲ.

“ಪಿಲುಸ್ತಾ ಉಂಡಾರು ಕದಮ್ಮಾ, ಹೋಗು,” ಎಂದಳು ಕೊಲ್ಲಾಪುರಮ್ಮ, ಅವಳ ಕೈಯಿಂದ ಕುರ್ಚಿ ಕಿತ್ತುಕೊಂಡು. “ಅಷ್ಟೊಂದು ಜನ ಕರೀತಾವ್ರೆ.”

ಯಶೋಧರಾ ಕೊರಳಿನ ಕಾರ್ಡನ್ನು ತೆಗೆದು ಬ್ಯಾಗಿಗೆ ಹಾಕಿ, ಸೆರಗು ಸರಿಮಾಡಿಕೊಂಡು ಹೋದಳು.