ಹನ್ನೊಂದು ಸಲ ಅದೇ ಸಾಲು

ಆ ವಾರ ತೋಟಪ್ಪ ಐದು ಪುಸ್ತಕ ಓದಿದ್ದ. ಹಾಗೆಂದು ಅವನೇ ಹೇಳಿಕೊಂಡಿದ್ದ.

ಹೇಳಿಕೊಳ್ಳುವುದಕ್ಕೆ ಅವನಿಗೊಂದು ಜಾಗವಿತ್ತು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಎಂಬತ್ತು ಮಂದಿ ಓದುಗರು ಕಟ್ಟಿಕೊಂಡ ವಾಟ್ಸಾಪ್ ಬಳಗ. ಪ್ರತಿ ರವಿವಾರ ಮುಂಜಾನೆ ಚಹಾ ಕುಡಿದು, ಬೆಟಗೇರಿಯ ತನ್ನ ಮನೆಯ ಮಾಳಿಗೆ ಹತ್ತಿ, ತೋಟಪ್ಪ ಆ ವಾರದ ಪುಸ್ತಕಗಳ ಬಗ್ಗೆ ಹತ್ತು ಹನ್ನೆರಡು ನಿಮಿಷ ಮಾತಾಡಿ ತನ್ನ ಧ್ವನಿಯನ್ನು ಬಳಗಕ್ಕೆ ಕಳಿಸುತ್ತಿದ್ದ. ಅವನ ಕಂಠ ಚೆನ್ನಾಗಿತ್ತು. ಮನೆಯಲ್ಲಿ ಮಗ್ಗ ನಡೆಯುತ್ತಿದ್ದ ಕಾಲದಲ್ಲಿ ಅವನವ್ವ ಬನಶಂಕರೆವ್ವ ಕಂಡಿಕೆಗೆ ನೂಲು ಸುತ್ತುತ್ತ ದೇವರ ಪದ ಹೇಳುತ್ತಿದ್ದಳು. ಅವಳ ಮೊಣಕಾಲಿಗೆ ಒರಗಿಕೊಂಡೇ ಬೆಳೆದವನು ಅವನು. ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಎನ್ನುವುದು ಮೈಗೆ ಹತ್ತಿತ್ತು. ತೋಟಪ್ಪಣ್ಣ ಹೇಳಿದರೆ ಪುಸ್ತಕ ಓದುವುದೇ ಬೇಕಾಗಿಲ್ಲ ಎಂದು ಬಳಗದವರು ಬರೆಯುತ್ತಿದ್ದರು. ಅದು ಹೊಗಳಿಕೆಯೆಂದೇ ಅವನು ತಿಳಿದಿದ್ದ.

ಹೊಟ್ಟೆಪಾಡಿಗೆ ಗದಗಿನ ಸೀರೆ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಕೂತು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸ. ಇಪ್ಪತ್ತೆರಡು ವರ್ಷವಾಗಿತ್ತು. ಸೆರಗನ್ನು ಒಂದು ಮೊಳ ಬಿಚ್ಚಿದರೆ ಸಾಕು, ಒಡಲು ಹೇಗಿದೆ, ನೀರಿಗೆ ಹಾಕಿದರೆ ಏನಾಗುತ್ತದೆ ಎಂದು ಹೇಳಿಬಿಡುತ್ತಿದ್ದ. ಗಿರಾಕಿಯಿಲ್ಲದ ಹೊತ್ತಿನಲ್ಲಿ ತೊಡೆಯ ಮೇಲೆ ಪುಸ್ತಕ. ಯಾವಾಗ ಸೀರೆಯ ಅಭ್ಯಾಸ ಪುಸ್ತಕಕ್ಕೂ ಬಂತೋ ಅವನಿಗೇ ತಿಳಿಯಲಿಲ್ಲ.

ಆ ರವಿವಾರ ಅವನು ಮೊದಲು ಹೇಳಿದ್ದು ಹಡಗಿನಲ್ಲಿ ಅಡುಗೆಯವನಾಗಿದ್ದವನೊಬ್ಬನ ನೆನಪುಗಳ ಪುಸ್ತಕದ ಬಗ್ಗೆ. ಸಮುದ್ರವನ್ನೇ ಕಾಣದ ನಮ್ಮ ಬಾಯಿಗೂ ಉಪ್ಪು ಹತ್ತುವಂತೆ ಬರೆದಿದ್ದಾನೆ ಎಂದ. ಆಮೇಲೊಂದು ಪತ್ತೇದಾರಿ, ಕೊಂದವನು ಯಾರೆಂದು ತನಗೆ ನಲವತ್ತನೆಯ ಪುಟಕ್ಕೇ ಗೊತ್ತಾಯಿತು ಎಂದ. ಮೂರನೆಯದು ಡಾಕ್ಟರೊಬ್ಬರು ಎದೆಬೇನೆಯ ಬಗ್ಗೆ ಬರೆದದ್ದು. ಅದನ್ನೋದಿ ಎರಡು ದಿನ ಮಿರ್ಚಿ ಭಜಿ ಬಿಟ್ಟೆ, ಮೂರನೆಯ ದಿನ ಪುಸ್ತಕ ಬಿಟ್ಟೆ ಎಂದು ನಗಿಸಿದ. ನಾಲ್ಕನೆಯದು ಮೂರು ತಲೆಮಾರಿನ ಕತೆ ಹೇಳುವ ನಾನೂರು ಪುಟದ ಕಾದಂಬರಿ. ನೂರು ಪುಟ ಕಡಿಮೆಯಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತು ಎಂದು ತೀರ್ಪು ಕೊಟ್ಟ.

ಐದನೆಯದು ನಲವತ್ತೆಂಟು ಪುಟದ ಸಣ್ಣ ಪುಸ್ತಕ, ಬೆಳ್ಳಟ್ಟಿಯ ಹುಚ್ಚವ್ವ ಎಂಬ ಮುದುಕಿಯ ಪದಗಳು. ಅವಳ ಸೊಸೆ ಶಿವಲಕ್ಷ್ಮಿ ಅಂಗನವಾಡಿಯಲ್ಲಿ ಕೆಲಸ ಮಾಡುವಾಕೆ, ಬಳಗದಲ್ಲಿಯೂ ಇದ್ದಳು. ಅತ್ತೆ ಹೇಳಿದ ಪದಗಳನ್ನು ತಾನೇ ಬರೆದುಕೊಂಡು ಅಚ್ಚು ಹಾಕಿಸಿ, ಅಂಗಡಿಯ ತನಕ ಬಂದು ಕೈಯಾರೆ ಕೊಟ್ಟು ಹೋಗಿದ್ದಳು. ನಗಿಸಿದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ತೋಟಪ್ಪ ಹೀಗೆ ಹೇಳಿದ:

“ಭಕ್ತಿ ಐತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಮೂವತ್ತೊಂದನೇ ಪುಟಾ ತಗದು ನೋಡ್ರಿ. ಒಂದ ಸಾಲು ಹನ್ನೊಂದು ಸಲಾ ಅಚ್ಚಾಗೇತಿ. ಅಕ್ಷರಾ ಜೋಡಿಸಾಂವ ತೂಕಡಿಸಿದ್ನೋ, ದೇವರಿಗೆ ಕಿವಿ ಮಂದ ಆಗ್ಯಾವೋ, ನಂಗಂತೂ ತಿಳೀಲಿಲ್ರಿ.”

ಹೇಳಿ ನಕ್ಕ. ಆ ನಗೆಯೂ ಧ್ವನಿಯ ಜೊತೆ ಹೋಯಿತು.

ಬಳಗದಲ್ಲಿ ಅಂದು ಹಬ್ಬ. ಮುಂಡರಗಿಯ ದುರ್ಗೇಶ ಮಾಸ್ತರರು ನಾಲ್ಕು ಬೇರೆ ಬಳಗಗಳಿಗೆ ಅದನ್ನು ದಾಟಿಸಿದೆನೆಂದು ಸಂತೋಷದಿಂದ ತಿಳಿಸಿದರು. ಶಿವಲಕ್ಷ್ಮಿ ಏನೂ ಬರೆಯಲಿಲ್ಲ. ಅದು ತೋಟಪ್ಪನ ಗಮನಕ್ಕೂ ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ಅವಳ ಫೋನು ಬಂತು. ಬೈಯುವುದಕ್ಕೆ ಮಾಡಿದ್ದಲ್ಲ. ಸುತ್ತಿ ಬಳಸಿ ಅಂಗಡಿಯ ವ್ಯಾಪಾರ ಕೇಳಿದಳು, ಅವನ ಹೆಂಡತಿ ಲಕ್ಷ್ಮೀದೇವಿಯ ಆರಾಮ ಕೇಳಿದಳು. ಆಮೇಲೆ ಹೇಳಿದಳು. ಯಾರದೋ ಫೋನಿನಿಂದ ಯಾರದೋ ಫೋನಿಗೆ ಹಾಯ್ದು ಅವನ ಧ್ವನಿ ರವಿವಾರ ಇಳಿಹೊತ್ತಿಗೆ ಬೆಳ್ಳಟ್ಟಿಗೆ ಬಂದಿತ್ತು. ಓಣಿಯ ಹುಡುಗಿಯರು ಅಜ್ಜಿಯ ಪುಸ್ತಕದ ಸುದ್ದಿ ಎಂದು ಖುಷಿಯಿಂದ ತಂದು, ದೊಡ್ಡ ಧ್ವನಿಯಲ್ಲಿ ಹಚ್ಚಿ ಅವಳಿಗೇ ಕೇಳಿಸಿದ್ದರು.

“ಅಣ್ಣಾರ, ನಮ್ಮತ್ತೀಗೆ ಓದಾಕ ಬರೂದಿಲ್ರಿ. ತನ್ನ ಪುಸ್ತಕಾ ತಾ ಓದಿಲ್ಲ. ನೀವು ಅಂದದ್ದಷ್ಟ ಕೇಳ್ಯಾಳ,” ಎಂದಳು ಶಿವಲಕ್ಷ್ಮಿ.

ಪ್ರತಿ ಸೋಮವಾರ ಹುಚ್ಚವ್ವ ಊರ ಈಶ್ವರನ ಗುಡಿಯಲ್ಲಿ ಆ ಪದ ಹೇಳುತ್ತಿದ್ದಳಂತೆ. ನಿನ್ನೆ ಗುಡಿಗೆ ಹೋಗಿ, ಕೈಮುಗಿದು, ಸುಮ್ಮನೆ ತಿರುಗಿ ಬಂದಳಂತೆ. ನಲವತ್ತು ವರ್ಷದಲ್ಲಿ ಅದು ಮೊದಲ ಸಲ. ಶಿವಲಕ್ಷ್ಮಿ ಇನ್ನೂ ಏನೋ ಹೇಳುವವಳಿದ್ದಳು. ಮುನ್ನುಡಿ ಎಂದೇನೋ ಅಂದು, ಇರಲಿ ಬಿಡ್ರಿ ಎಂದು ಫೋನು ಇಟ್ಟಳು.

ತೋಟಪ್ಪ ಸೀರೆಗಳ ಹಿಂದಿನ ಮೂಲೆಯಲ್ಲಿದ್ದ ಪುಸ್ತಕ ತೆಗೆದ. ಮುನ್ನುಡಿ ಎರಡೇ ಪುಟವಿತ್ತು. ಶಿವಲಕ್ಷ್ಮಿಯ ಬರಹ, ಸಿಂಗಾರವಿಲ್ಲದ್ದು. ಹೀಗಿತ್ತು: ಹನ್ನೊಂದು ಮಂದಿ ಗೆಳತಿಯರು ಕೂಡಿ ಹೇಳುತ್ತಿದ್ದ ಪದವಿದು. ಕೊನೆಗೆ ಒಬ್ಬೊಬ್ಬರೂ ಎದ್ದು ನಿಂತು ಅದೇ ಸಾಲನ್ನು ದೇವರಿಗೆ ಹೇಳಬೇಕು. ಈಗ ಉಳಿದವರು ಅತ್ತೆ ಮತ್ತು ಉಡಚವ್ವ ಇಬ್ಬರೇ. ಹೋದವರ ಸಾಲನ್ನೂ ಇವರೇ ಹೇಳುತ್ತಾರೆ. ಪುಟ ಉಳಿಯಲೆಂದು ನಾನು ಸಾಲನ್ನು ಒಮ್ಮೆ ಮಾತ್ರ ಬರೆದಿದ್ದೆ. ಅತ್ತೆ ಒಪ್ಪಲಿಲ್ಲ. ಒಬ್ಬಾಕಿ ಕದ ಬಡಿದರೆ ಉಳಿದ ಹತ್ತು ಮಂದಿ ಒಳಗೆ ಹೋದಂತಾಯಿತೇ ಎಂದು ಕೇಳಿದಳು. ಆದ್ದರಿಂದ ಹನ್ನೊಂದು ಸಲ ಅಚ್ಚು ಹಾಕಿಸಿದ್ದೇನೆ.

ಮೂವತ್ತೊಂದನೆಯ ಪುಟ ತೆರೆದ. ‘ನಿಂತೇನೊ ಸ್ವಾಮಿ ಹೊಸ್ತಿಲ ಹೊರಗ, ಹೊತ್ತಾತು ಕರಿಯೊ ಒಳಗ.’ ಮೇಲಿನಿಂದ ಕೆಳಗಿನವರೆಗೆ ಹನ್ನೊಂದು ಸಲ. ಗಿರಾಕಿಯೊಬ್ಬಳು ಎದುರಿಗೆ ಬಂದು ಕೂತು ಇಳಕಲ್ ಸೀರೆ ಕೇಳಿದಳು. ತೋಟಪ್ಪನಿಗೆ ತಲೆ ಎತ್ತಲಾಗಲಿಲ್ಲ. ಪಕ್ಕದ ಗಾದಿಯವನು ಎದ್ದು ತೋರಿಸಿದ.

ನಾಚಿಕೆ ಅಲ್ಲಿಗೇ ನಿಲ್ಲಲಿಲ್ಲ. ಮನೆಗೆ ಬಂದು ಉಳಿದ ನಾಲ್ಕೂ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತ. ಹಡಗಿನ ಪುಸ್ತಕವನ್ನು ಪೂರ್ತಿ ಓದಿದ್ದ, ಅದು ನಿಜ. ಪತ್ತೇದಾರಿಯಲ್ಲಿ ಕೊಂದವನು ನಲವತ್ತನೆಯ ಪುಟಕ್ಕೆ ಗೊತ್ತಾದದ್ದು ಕೊನೆಯ ಪುಟವನ್ನು ಮೊದಲೇ ನೋಡಿದ್ದರಿಂದ. ಡಾಕ್ಟರರ ಪುಸ್ತಕದಲ್ಲಿ ಓದಿದ್ದು ಏನು ತಿನ್ನಬಾರದು ಎಂಬ ಒಂದೇ ಅಧ್ಯಾಯ. ನೂರು ಪುಟ ಕಡಿಮೆಯಾಗಬೇಕೆಂದ ಕಾದಂಬರಿಯಲ್ಲಿ ಅವನು ಹಾರಿಸಿದ್ದೇ ನೂರೈವತ್ತು ಪುಟ. ಅಲ್ಲಿ ಎರಡನೆಯ ತಲೆಮಾರಿನ ಹೆಂಗಸೊಬ್ಬಳು ತೀರಿಕೊಂಡಿದ್ದಳು, ಅದೂ ಅವನಿಗೆ ಗೊತ್ತಿರಲಿಲ್ಲ. ವರ್ಷಕ್ಕೆ ಇನ್ನೂರು ಪುಸ್ತಕ ಓದುವವನೆಂದು ಬಳಗದಲ್ಲಿ ಅವನಿಗೆ ಹೆಸರು. ಎಷ್ಟು ಸೆರಗು ನೋಡಿ ಎಷ್ಟು ಒಡಲಿನ ಮಾತಾಡಿದ್ದನೋ ಎಣಿಸಲು ಧೈರ್ಯವಾಗಲಿಲ್ಲ.

ಲಕ್ಷ್ಮೀದೇವಿಗೆ ಎಲ್ಲವನ್ನೂ ಹೇಳಿದ. ಅವಳು ಜೋಳದ ಹಿಟ್ಟು ನಾದುತ್ತ ಕೇಳಿ, “ನಿಮ್ಮ ಅವ್ವಾರು ಇದ್ದಿದ್ರ ಆ ಪುಟಾ ನಿಮ್ಮ ಕಡೆ ಓದಿಸಿ ಕೇಳ್ತಿದ್ರು. ನೀವು ಓದಕೋತ ಓದಕೋತ ಕೇಳೂದ ಮರತೀರಿ,” ಎಂದಳು.

ಮುಂದಿನ ರವಿವಾರ ಮಾಳಿಗೆ ಹತ್ತಿ ಎರಡೇ ನಿಮಿಷ ಮಾತಾಡಿದ. ಹುಚ್ಚವ್ವನ ಪುಸ್ತಕವನ್ನು ತಾನು ಓದಿರಲಿಲ್ಲ, ಓದದೆಯೇ ನಕ್ಕೆ, ಬೇರೆ ಮೂರನ್ನೂ ಅರ್ಧಂಬರ್ಧ ಓದಿದ್ದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ. ಯಾರೋ ಇಬ್ಬರು ಕೈಮುಗಿದ ಚಿತ್ರ ಹಾಕಿದರು. ದುರ್ಗೇಶ ಮಾಸ್ತರರು, ಅಣ್ಣಾ ಹೋದ ವಾರದ್ದು ಮಸ್ತ್ ಇತ್ತು ಎಂದು ಬರೆದರು. ಇದನ್ನು ಯಾರೂ ಯಾವ ಬಳಗಕ್ಕೂ ದಾಟಿಸಲಿಲ್ಲ. ನಗೆ ಹೋದ ದಾರಿಯಲ್ಲಿ ತಪ್ಪೊಪ್ಪಿಗೆ ಹೋಗುವುದಿಲ್ಲ, ತಾನೇ ಹೋಗಬೇಕು ಎಂದು ಅವನಿಗೆ ತಿಳಿಯಿತು. ಅಂದೇ ಮಧ್ಯಾಹ್ನ ಶಿರಹಟ್ಟಿಯ ಬಸ್ಸು ಹತ್ತಿದ. ಅಲ್ಲಿಂದ ಬೆಳ್ಳಟ್ಟಿಗೆ ಇನ್ನೊಂದು. ಕೈಚೀಲದಲ್ಲಿ ಒಂದು ಡಜನ್ ಬಾಳೆಹಣ್ಣು, ಒಂದು ಕುಬಸದ ಖಣ ಇದ್ದವು. ಬೆಳಗಾದರೆ ಸೋಮವಾರ. ಅಷ್ಟರೊಳಗೆ ಮುದುಕಿಯ ಬಾಯಿಗೆ ಪದ ತಿರುಗಿ ಬರದಿದ್ದರೆ ಮುಂದೆ ಯಾವ ಸೋಮವಾರವೂ ಬರಲಿಕ್ಕಿಲ್ಲ ಎಂಬ ಅಂಜಿಕೆ ದಾರಿಯುದ್ದಕ್ಕೂ ಇತ್ತು.

ಹುಚ್ಚವ್ವ ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದಳು. ಎಂಬತ್ತರ ಹತ್ತಿರದ ಸಣ್ಣ ಜೀವ. ಪಕ್ಕದಲ್ಲಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕುತ್ತಿದ್ದವಳು ಉಡಚವ್ವ. ಶಿವಲಕ್ಷ್ಮಿ ಹೆಸರು ಹೇಳುವ ಮೊದಲೇ, ಅವನು “ನಮಸ್ಕಾರ್ರಿ ಯವ್ವಾ” ಎಂದಕೂಡಲೆ, ಹುಚ್ಚವ್ವನ ಕೈಯಲ್ಲಿದ್ದ ಮೊರ ನಿಂತಿತು. ಧ್ವನಿಯ ಗುರುತು ಸಿಕ್ಕಿತ್ತು.

ಅವನು ಕಾಲು ಮುಟ್ಟಿದ. ತಂದದ್ದನ್ನು ಮುಂದಿಟ್ಟ. ಹುಚ್ಚವ್ವ ಖಣವನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

“ಇದನ್ನ ಯಾರ ಮದವಿಗಿ ತಂದಿ?”

“ನಿಮಗಂತ ಬೇ. ತಪ್ಪಾಗೇತಿ ನಂದು.”

“ದೇವರ ಕಿವಿ ಮಂದ ಆಗ್ಯಾವಂತ ಹೇಳಿದಾಂವ ನೀನ ಏನು?” ಎಂದಳು ಉಡಚವ್ವ. “ಮತ್ತ ಸಣ್ಣ ದನಿಲೆ ಮಾತಾಡಾಕತ್ತಿ ಅಲ್ಲಾ.”

ತೋಟಪ್ಪ ನೆಲ ನೋಡುತ್ತ ಕೂತ. ಮುನ್ನುಡಿಯನ್ನೇ ಓದದೆ ಬಿಟ್ಟದ್ದನ್ನು, ಅಂಗಡಿಯ ಗಡಿಬಿಡಿಯನ್ನು, ಮುಂಜಾನೆ ಬಳಗದಲ್ಲಿ ತಪ್ಪೊಪ್ಪಿಕೊಂಡದ್ದನ್ನು ಒಂದೊಂದಾಗಿ ಹೇಳಿದ. ಹೇಳಿದಷ್ಟೂ ಅದು ತನ್ನ ಮರ್ಯಾದೆ ಉಳಿಸಿಕೊಳ್ಳುವ ಮಾತಿನಂತೆ ಅವನಿಗೇ ಕೇಳಿಸತೊಡಗಿ ನಡುವೆಯೇ ನಿಲ್ಲಿಸಿದ. ಹುಚ್ಚವ್ವ ಮೊರದಿಂದ ಒಂದು ಹರಳು ಆಯ್ದು ಬಿಸಾಡಿದಳು.

“ಸಿಟ್ಟಿಲ್ಲ ತಮ್ಮಾ,” ಎಂದಳು. “ಸಿಟ್ಟಿದ್ರ ಬೈದು ಹಗರ ಆಗ್ತಿದ್ನಿ. ಪದಾ ಅನಬೇಕಂತ ಬಾಯಿ ತಗದ್ರ ನಿನ್ನ ನಗಿ ಮೊದಲ ಬರ್ತೈತಿ. ಅದಕ್ಕ ನಾ ಏನ್ ಮಾಡ್ಲಿ?”

ಬೈಗುಳಕ್ಕೆ ತಯಾರಾಗಿ ಬಂದವನು ಇದಕ್ಕೆ ತಯಾರಾಗಿರಲಿಲ್ಲ.

“ನಾ ಏನ್ ಮಾಡಬೇಕ್ರಿ ಯವ್ವಾ?” ಎಂದ.

“ನೀ ಓದಾಂವ ಹೌದಿಲ್ಲೋ? ಓದು. ನನ್ನ ಪುಸ್ತಕದಾಗ ಏನೈತಿ ನಾನೂ ಕೇಳ್ತೀನಿ.”

ಅವನು ಪುಸ್ತಕದ ಜೊತೆ ಫೋನನ್ನೂ ಹೊರಗೆ ತೆಗೆದ. ಓದಿದ್ದನ್ನು ಬಳಗಕ್ಕೆ ಕಳಿಸಿದರೆ ಎಲ್ಲರಿಗೂ ತಿಳಿದೀತು ಎಂಬ ಆಸೆ. ಅದನ್ನು ಒಳಗಿಡು ಎಂದಳು ಹುಚ್ಚವ್ವ. ಇಟ್ಟ. ಮೂವತ್ತೊಂದನೆಯ ಪುಟ ತೆಗೆದು, ಎಲ್ಲರೂ ಹೊಗಳುವ ತನ್ನ ಕಂಠದಲ್ಲಿ ಮೊದಲ ಸಾಲು ಓದಿದ. ಎರಡನೆಯದನ್ನು ಇನ್ನಷ್ಟು ಎಳೆದು ಓದಿದ.

“ಭಾಷಣ ಬ್ಯಾಡ,” ಎಂದಳು ಅವಳು. “ನಿಂಗ ಒಳಗ ಹೋಗಬೇಕಾಗೇತಿ, ಬಾಗಲಾ ಹಾಕೇತಿ. ಹಂಗ ಕೇಳು.”

ಮೂರನೆಯದರಿಂದ ಕಂಠವನ್ನು ಇಳಿಸಿದ. ಇಳಿಸಿದ ಮೇಲೆ ಅಲ್ಲಿ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ, ಸಾಲು ಮಾತ್ರ ಇತ್ತು. ನಾಲ್ಕು, ಐದು. ಶಿವಲಕ್ಷ್ಮಿ ಬಾಗಿಲಲ್ಲಿ ಬಂದು ನಿಂತಳು. ಆರು, ಏಳು. ಅದೇ ಅಕ್ಷರಗಳ ಮೇಲೆ ಕಣ್ಣು ಮತ್ತೆ ಮತ್ತೆ ಹಾಯುವಾಗ ಹಳೆಯ ಚಾಳಿ ತಾನಾಗಿಯೇ ಬಂತು. ಎಂಟನೆಯದು ತುಸು ಓಡಿತು.

“ಅಲ್ಲೆ ನಿಲ್ಲು.” ಹುಚ್ಚವ್ವ ಮೊರವನ್ನು ಬದಿಗಿಟ್ಟಳು. “ಅದು ಸಿದ್ದಲಿಂಗವ್ವಂದು. ಅಕಿ ಒಂದು ಕಾಲು ಎಳಕೋತ ನಡೀತಿದ್ಲು. ಇಷ್ಟ ಜಲ್ದಿ ಬಾಗಲಕ್ಕ ಬರಾಕ ಅಕಿಗೆ ಎಲ್ಲಿ ಆಗ್ತಿತ್ತು?”

ಎಂದು, ಸಿದ್ದಲಿಂಗವ್ವ ಹೇಗೆ ಹೇಳುತ್ತಿದ್ದಳೆಂದು ತೋರಿಸಲು ಆ ಸಾಲನ್ನು ತಾನೇ ಹೇಳಿದಳು. ನಿಂತೇನೊ ಎಂಬಲ್ಲಿ ಒಂದು ಹೆಜ್ಜೆ, ಸ್ವಾಮಿ ಎಂಬಲ್ಲಿ ಇನ್ನೊಂದು. ಹೊಸ್ತಿಲಿಗೆ ಬರುವಷ್ಟರಲ್ಲಿ ಉಸಿರು ಸಾಲದೆ ನಿಂತು, ಆಮೇಲೆ ಒಳಗ. ತಿದ್ದುವ ಅವಸರದಲ್ಲಿ ಬಾಯಿ ತೆರೆದದ್ದು ಅವಳಿಗೇ ತಿಳಿದಂತೆ ಕಾಣಲಿಲ್ಲ.

ಉಡಚವ್ವ ಎಲೆಯನ್ನು ಉಗುಳಿ, ಬಾಯಿ ಒರೆಸಿಕೊಂಡು ಎದ್ದು ನಿಂತಳು. ಒಂಬತ್ತನೆಯದು ಅವಳದು. ಮಾತಿನಲ್ಲಿದ್ದ ಚುಚ್ಚು ಒಂದಿಷ್ಟೂ ಇಲ್ಲದೆ, ಮನೆಯಿಂದ ಹೊರಗೆ ಉಳಿದ ಹುಡುಗಿಯಂತೆ ಕೇಳಿದಳು.

ಹತ್ತನೆಯದಕ್ಕೆ ಯಾರೂ ಬಾಯಿ ತೆರೆಯಲಿಲ್ಲ. ಅದು ಯಾರದಿತ್ತೋ ತೋಟಪ್ಪನಿಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಇಬ್ಬರೂ ಮುದುಕಿಯರು ಅವನನ್ನೇ ನೋಡುತ್ತಿದ್ದರು. ಅವನು ಪುಸ್ತಕ ಮುಚ್ಚಿ ಎದ್ದು ನಿಂತು ಆ ಸಾಲನ್ನು ಹೇಳಿದ. ದನಿ ಎರಡು ಕಡೆ ಒಡೆಯಿತು, ಕೊನೆಯ ಶಬ್ದ ಸರಿಯಾಗಿ ಹೊರಗೇ ಬರಲಿಲ್ಲ.

ಹುಚ್ಚವ್ವ ಸೊಸೆಯ ಕೈ ಹಿಡಿದು ಮೇಲೆದ್ದಳು, ಸೆರಗನ್ನು ತಲೆಯ ಮೇಲೆ ಹೊದ್ದಳು, ಕಣ್ಣು ಮುಚ್ಚಿ ಹನ್ನೊಂದನೆಯದಕ್ಕೆ ಬಾಯಿ ತೆರೆದಳು.