ಕೂದಲಿನಷ್ಟು ಎಡಕ್ಕೆ

ಸುರಪುರದ ಮೌನಪ್ಪ ಜಾಗೀರಿಗೆ ಬಂದೂಕಿನ ನಳಿಗೆ ಕೊರೆದುಕೊಡುವವನು. ನಳಿಗೆ ಹೊರಗೆ ನೆಟ್ಟಗಿದೆಯೇ ಎಂದು ಯಾರು ಬೇಕಾದರೂ ಹೇಳಬಹುದು. ಒಳಗಿನ ಮಾತು ಮಾತ್ರ ಅವನಿಗೆ ಬಿಟ್ಟದ್ದು. ಅವನ ಕುಲುಮೆಯ ಕಿಟಕಿಗೆ ಅಡ್ಡಲಾಗಿ ಒಂದು ಕರಿ ದಾರ ಬಿಗಿದಿತ್ತು. ನಯಗೊಳಿಸಿದ ನಳಿಗೆಯನ್ನು ಕಣ್ಣಿಗಿಟ್ಟು ಆ ದಾರದತ್ತ ಹಿಡಿದರೆ, ಒಳಮೈಯುದ್ದಕ್ಕೂ ದಾರದ ನೆರಳು ಗೆರೆಯಾಗಿ ಹರಿಯುತ್ತಿತ್ತು. ಗೆರೆ ಎಲ್ಲಿ ಸೊಂಟ ತಿರುವಿತೋ ಅಲ್ಲಿ ಸೀಸದ ಸುತ್ತಿಗೆಯ ಒಂದು ಏಟು. ಕೂದಲಿನಷ್ಟು ಡೊಂಕನ್ನೂ ಅವನು ಸಹಿಸುತ್ತಿರಲಿಲ್ಲ. ಹೆಂಡತಿಯ ತವರಿನವರು ಅವನನ್ನು ಸಹಿಸಿಕೊಳ್ಳುತ್ತಿದ್ದುದೂ ಈ ಒಂದು ಗುಣಕ್ಕಾಗಿಯೇ.

ಆ ತವರು ದೋರನಹಳ್ಳಿ. ಜರ್ಮನ್ ಲಡಾಯಿಯ ಕಡೆಯ ವರ್ಷ, ಸರಕಾರದ ಕಡ್ಡಾಯ ಲೇವಿಗೆ ಜೋಳ ಅಳೆಯಲು ಆ ಊರು ಒಪ್ಪಲಿಲ್ಲ. ಜಾಗೀರಿನ ಜಮಾದಾರ ಸರದಾರಸಾಬ ಕುಲುಮೆಗೆ ಬಂದ.

"ಆರು ನಳಿಗಿ ಬೇಕೋ ಮೌನಪ್ಪ. ದೋರನಹಳ್ಳಿ ಮಂದಿ ಜ್ವಾಳ ಕೊಡವಲ್ರು."

"ಜ್ವಾಳಕ್ಕ ಗುಂಡು ಹೊಡೀತೀರೇನ್ರಿ?"

"ಜ್ವಾಳಕ್ಕ ಯಾಕ ಹೊಡ್ಯೂಣು? ಜ್ವಾಳ ಬೇಕಲ್ಲೋ ನಮಗ!"

ಮೌನಪ್ಪ ನಗಲಿಲ್ಲ. ಆ ವಾರ ಅವನು ಜೀವಮಾನದಲ್ಲಿ ಮೊದಲ ಸಲ ನೆಟ್ಟಗಿದ್ದ ನಳಿಗೆಗೆ ಸುತ್ತಿಗೆ ಹಾಕಿದ. ಆರಕ್ಕೂ ಒಂದೇ ಜಾಗದಲ್ಲಿ, ಎಡಕ್ಕೆ, ಕೂದಲಿನಷ್ಟು. ನಳಿಗೆಯ ತುದಿಗೆ ಗುರಿಯ ಮಣಿ ಕೂರಿಸುವವನೂ ತಾನೇ ಆದ್ದರಿಂದ ಲೆಕ್ಕ ತಪ್ಪುವಂತಿರಲಿಲ್ಲ: ನಲವತ್ತು ಹೆಜ್ಜೆಯಾಚೆ ಗುಂಡು ಒಂದು ಮೊಳ ಎಡಕ್ಕೆ ಸರಿಯಬೇಕು. ಎದೆಗೆ ಹಿಡಿದದ್ದು ಗಾಳಿಗೆ ಹೋಗಬೇಕು. ಯಾರೂ ಸಾಯಬಾರದು. ಇಷ್ಟು ಅಚ್ಚುಕಟ್ಟಾದ ಡೊಂಕನ್ನು ಈ ಸೀಮೆಯಲ್ಲಿ ಯಾರೂ ಮಾಡಿರಲಿಕ್ಕಿಲ್ಲ ಎಂಬ ಸಣ್ಣ ಜಂಬವೂ ಅವನಿಗೆ ಬಂತು.

ದೋರನಹಳ್ಳಿಯ ಊರಬಾಗಿಲ ಅಗಸಿಯಲ್ಲಿ ಜನ ಕೂಡಿದರು. ಒಂದು ಗುಂಡು ಹಾರಿಸಿ ಅಂಜಿಸು ಎಂದು ಜಮಾದಾರ ಜವಾನ ಯೂನುಸನಿಗೆ ಹೇಳಿದ. ಯೂನುಸ ಮೌನಪ್ಪನ ಓಣಿಯ ಹುಡುಗ. ಕೋಳಿ ಕೊಯ್ಯುವಾಗಲೂ ಮುಖ ತಿರುಗಿಸುವ ಆಳು. ಜನರಿಂದ ಒಂದು ಮೊಳ ಬಲಕ್ಕೆ ಬೇವಿನ ಮರವಿತ್ತು. ಅವನು ಕಣ್ಣು ಕಿರಿದು ಮಾಡಿ, ಎಚ್ಚರದಿಂದ, ಅದರ ಬೊಡ್ಡೆಗೆ ಗುರಿ ಹಿಡಿದ. ಮರಕ್ಕೆ ಏನೂ ಆಗಲಿಲ್ಲ. ಅದರ ಎಡಪಕ್ಕದಲ್ಲಿ ನಿಂತಿದ್ದ ಮರಿಲಿಂಗಮ್ಮ ಎಂಬ ಮುದುಕಿ ಕೂತಳು, ಮತ್ತೆ ಏಳಲಿಲ್ಲ.

ಒಂಬತ್ತನೆಯ ದಿನ ಪೊಲೀಸ್ ಅಮೀನ ಯೂನುಸನ ಕೈಗೆ ಹಗ್ಗ ಕಟ್ಟಿಸಿ ಕರೆದುಕೊಂಡು ಕುಲುಮೆಗೆ ಬಂದ. ಹಿಂದೆ ಜಮಾದಾರ, ಅವನ ಹೆಗಲ ಮೇಲೆ ಅದೇ ಬಂದೂಕು.

"ಬೇವಿನ ಗಿಡಕ್ಕ ಗುರಿ ಹಿಡದಿದ್ದೆ ಅಂತಾನ ಇವ," ಎಂದ ಅಮೀನ. "ನಳಿಗಿ ಡೊಂಕಿದ್ರ ಮಾತು ಖರೆ, ಬಿಡ್ತೀನಿ. ನೆಟ್ಟಗಿದ್ರ ಖೂನಿ. ನೋಡಿ ಹೇಳು."

"ಡೊಂಕಿದ್ರ," ಜಮಾದಾರ ತಣ್ಣಗೆ ಸೇರಿಸಿದ, "ಡೊಂಕ ಮಾಡಿದಾವ ಯಾರು ಅಂತ ಒಂದು ಮಾತು ಕೇಳಬೇಕಾಗ್ತದ. ಅಷ್ಟ."

"ಕಾಕಾ, ಚಂದಗ ನೋಡ್ರಿ," ಎಂದ ಯೂನುಸ.

ಮೌನಪ್ಪ ನಳಿಗೆ ಬಿಚ್ಚಿ ಒರೆಸಿ ಕಿಟಕಿಗೆ ಹಿಡಿದ. ನೆರಳಿನ ಗೆರೆ ಅರ್ಧ ದಾರಿ ನೆಟ್ಟಗೆ ಬಂದು, ಅವನು ಏಟು ಹಾಕಿದ್ದಲ್ಲೇ, ಅಂದುಕೊಂಡಷ್ಟೇ ಬಾಗಿತ್ತು. ಕೆಲಸದಲ್ಲಿ ಕುಂದು ಎತ್ತುವಂಥದ್ದು ಏನೂ ಇರಲಿಲ್ಲ.

"ನೆಟ್ಟಗದರಿ," ಎಂದ.

"ಇನ್ನೊಮ್ಮಿ, ಕಾಕಾ."

ಇನ್ನೊಮ್ಮೆ ನೋಡಿದ. "ನೆಟ್ಟಗದಪ್ಪಾ."

ಯೂನುಸ ಅಳಲಿಲ್ಲ. "ನಾನೂ ಒಮ್ಮಿ ನೋಡ್ಲೇನ್ರಿ ಅಮೀನಸಾಬ?" ಎಂದು ಕೇಳಿದ. ಅಮೀನ ಹೂಂ ಎಂದು ತಲೆಯಾಡಿಸಿದ. ಕೈ ಕಟ್ಟಿದ್ದರಿಂದ ನಳಿಗೆಯನ್ನು ಅವನ ಕಣ್ಣಿಗೆ ಮೌನಪ್ಪನೇ ಹಿಡಿಯಬೇಕಾಯಿತು. ಹುಡುಗ ಉಸಿರು ಬಿಗಿಹಿಡಿದು ಬಹಳ ಹೊತ್ತು ನೋಡಿದ.

"ಏನು ಕಾಣ್ತದೋ?" ಎಂದ ಅಮೀನ.

"ಬರೇ ಬೆಳಕು ಕಾಣ್ತದ್ರಿ," ಎಂದ ಯೂನುಸ. "ಕಾಕಾ, ಏನು ನೋಡಬೇಕಿತ್ತು ಇದರಾಗ?"

ಮೌನಪ್ಪ ನಳಿಗೆಯನ್ನು ಹಾಗೆಯೇ ಹಿಡಿದು ನಿಂತಿದ್ದ. ಆಮೇಲೆ ಅದನ್ನು ಒರೆಸಿ ಜಮಾದಾರನ ಕೈಗೆ ಕೊಟ್ಟ.